ಹೆಸರು ಸರಿ, ಜೀನ್ ಬೇರೆ: ಕಬುಕಿ ಸಿಂಡ್ರೋಮ್‌ನ ಒಂದು ಪ್ರಕರಣ

ಒಂದು ಜೆನೆಟಿಕ್ಸ್ ಕ್ಲಿನಿಕ್‌ನಲ್ಲಿ ನಡೆದ ಪ್ರಕರಣ ಇದು. ನಾನು ಆ ತಂಡದಲ್ಲಿ ಕೌನ್ಸೆಲರ್. ಮಗು, ಮನೆಯವರು, ಆಸ್ಪತ್ರೆ, ಲ್ಯಾಬ್ ಯಾವುದರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಯಾವ ಹಂತದಲ್ಲಿ ಏನು ಗೊತ್ತಿತ್ತು, ಆಗ ಏನು ತೀರ್ಮಾನವಾಯಿತು ಎನ್ನುವುದನ್ನು ಮಾತ್ರ ಮುಟ್ಟಿಲ್ಲ.

ಮಗು ಬಂದಾಗ

ನಾಲ್ಕು ವರ್ಷದ ಹೆಣ್ಣು ಮಗು. ನಡಿಗೆ ತಡವಾಗಿತ್ತು, ಮಾತು ಇನ್ನೂ ತಡ. ಮೈ ಸಡಿಲ, ಎತ್ತಿಕೊಂಡರೆ ಜಾರುವ ಹಾಗೆ. ಓರಗೆಯ ಮಕ್ಕಳಿಗಿಂತ ಎತ್ತರ ಕಡಿಮೆ. ಹಸುಗೂಸಾಗಿದ್ದಾಗ ಹಾಲು ಎಳೆದು ಕುಡಿಯಲು ಒದ್ದಾಡುತ್ತಿದ್ದಳು ಎಂದು ತಾಯಿ ಹೇಳಿದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತೊಂದಿತ್ತು, ಅದು ತಾನಾಗಿಯೇ ಮುಚ್ಚಿಕೊಂಡಿತ್ತು. ಕಿವಿ ಸೋಂಕು ಪದೇ ಪದೇ ಬರುತ್ತಿತ್ತು.

ತಂಡದ ಹಿರಿಯ ವೈದ್ಯರು ಮಗುವಿನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಉದ್ದನೆಯ ಕಣ್ಣುಗಳು, ಕೆಳರೆಪ್ಪೆಯ ಹೊರ ಅಂಚು ಸ್ವಲ್ಪ ಹೊರಕ್ಕೆ ಮಡಚಿದಂತೆ. ಕಮಾನಾದ ಹುಬ್ಬು. ಆಮೇಲೆ ಕೈ ಹಿಡಿದು ಬೆರಳ ತುದಿ ನೋಡಿದರು. ಅಲ್ಲಿ ಮೆತ್ತನೆಯ ಉಬ್ಬುಗಳಿದ್ದವು. ಗರ್ಭದಲ್ಲಿ ಎಲ್ಲ ಮಕ್ಕಳಿಗೂ ಇರುವ ಈ ಉಬ್ಬು ಸಾಮಾನ್ಯವಾಗಿ ಕರಗಿಹೋಗುತ್ತದೆ, ಇವಳಲ್ಲಿ ಉಳಿದಿತ್ತು. ಅವರು ಫೈಲಿನಲ್ಲಿ "ಕಬುಕಿ?" ಎಂದು ಬರೆದರು.

ಕಬುಕಿ ಸಿಂಡ್ರೋಮ್ ಅನ್ನು 1981ರಲ್ಲಿ ಜಪಾನಿನ ನಿಕಾವಾ ಮತ್ತು ಕುರೋಕಿ ಎಂಬ ಇಬ್ಬರು ವೈದ್ಯರು ಪ್ರತ್ಯೇಕವಾಗಿ ವರದಿ ಮಾಡಿದರು. ಸುಮಾರು 32 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ ಎಂಬ ಅಂದಾಜಿದೆ. ಕಾರಣ ಏನು ಎನ್ನುವುದು ತುಂಬಾ ವರ್ಷ ಗೊತ್ತಿರಲಿಲ್ಲ. 2010ರಲ್ಲಿ ಎಕ್ಸೋಮ್ ಎಂಬ ಡಿಎನ್‌ಎ ಓದುವ ಪರೀಕ್ಷೆಯಿಂದ ಮೊದಲ ಜೀನ್ ಸಿಕ್ಕಿತು. ಈಗ ಅದರ ಹೆಸರು ಕೆಎಂಟಿ2ಡಿ. 2012ರಲ್ಲಿ ಎರಡನೆಯದು, ಕೆಡಿಎಂ6ಎ. ಎರಡೂ ಜೀನ್‌ಗಳು ಕಿಣ್ವಗಳನ್ನು ತಯಾರಿಸುತ್ತವೆ. ಆ ಕಿಣ್ವಗಳ ಕೆಲಸ ಬೇರೆ ಜೀನ್‌ಗಳನ್ನು ನಡೆಸುವುದು. ಪ್ರಕರಣ ತಿರುಗಿದ್ದೆಲ್ಲ ಈ ಎರಡು ಕಿಣ್ವಗಳ ಸುತ್ತಲೇ. ಅದಕ್ಕೆ ಅವುಗಳ ಬಗ್ಗೆ ಮೊದಲು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ

ನಮ್ಮ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20 ಸಾವಿರ. ನರಕೋಶಕ್ಕೂ ಚರ್ಮದ ಕೋಶಕ್ಕೂ ಇರುವುದು ಇದೇ ಜೀನ್‌ಗಳು. ಯಾವ ಕೋಶದಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಸುಮ್ಮನಿರುತ್ತದೆ ಎನ್ನುವುದರಲ್ಲೇ ವ್ಯತ್ಯಾಸ.

ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್‌ಗಳ ಒಂದು ಗುಂಪಿಗೆ ಡಿಎನ್‌ಎಯ ಸುಮಾರು 147 ಅಕ್ಷರಗಳಷ್ಟು ಉದ್ದ ಸುತ್ತಿರುತ್ತದೆ. ಹಿಸ್ಟೋನ್‌ಗಳ ಬಾಲ ಹೊರಕ್ಕೆ ಚಾಚಿರುತ್ತದೆ. ಕಿಣ್ವಗಳು ಕೆಲಸ ಮಾಡುವುದು ಹೆಚ್ಚಾಗಿ ಈ ಬಾಲದ ಮೇಲೆ. ಕೆಲವು ಕಿಣ್ವಗಳು ಅಲ್ಲಿ ಸಣ್ಣ ರಾಸಾಯನಿಕ ಗುರುತುಗಳನ್ನು ಹಾಕುತ್ತವೆ, ಕೆಲವು ಅವನ್ನು ತೆಗೆಯುತ್ತವೆ. ಗುರುತಿನ ಅರ್ಥ ಅದು ಕೂತ ಜಾಗವನ್ನು ಅವಲಂಬಿಸುತ್ತದೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ, ಲೈಸಿನ್ ಅಂಥ ಒಂದು ಅಮೈನೋ ಆಮ್ಲ. ಎಚ್3 ಎಂಬ ಹಿಸ್ಟೋನಿನ 4ನೇ ಸ್ಥಾನದಲ್ಲಿರುವ ಲೈಸಿನ್ (ಮುಂದೆ 4ನೇ ಲೈಸಿನ್) ಮೇಲೆ ಮೀಥೈಲ್ ಗುಂಪು ಎಂಬ ಗುರುತು ಕೂತರೆ ಆ ಭಾಗ ಕೆಲಸಕ್ಕೆ ಸಿದ್ಧ ಎಂದರ್ಥ. ಅದೇ ಬಾಲದ 27ನೇ ಸ್ಥಾನದ ಲೈಸಿನ್ ಮೇಲೆ ಮೂರು ಮೀಥೈಲ್ ಗುಂಪು ಕೂತರೆ ಆ ಭಾಗಕ್ಕೆ ಬೀಗ. ಒಂದೇ ಪ್ರೋಟೀನು, ಒಂದೇ ಮೀಥೈಲು, ಅರ್ಥ ಮಾತ್ರ ಪೂರ್ತಿ ಉಲ್ಟಾ.

ಕೆಎಂಟಿ2ಡಿ ಹಾಕುವ ಕಿಣ್ವ. ಜೀನ್‌ಗಳಿಂದ ದೂರದಲ್ಲಿದ್ದು ಅವುಗಳ ಕೆಲಸ ಹೆಚ್ಚಿಸುವ ಎನ್‌ಹ್ಯಾನ್ಸರ್ ಎಂಬ ಭಾಗಗಳಿಗೆ ಹೋಗಿ 4ನೇ ಲೈಸಿನ್ ಮೇಲೆ ಮೀಥೈಲ್ ಕೂರಿಸುತ್ತದೆ. ಕೆಡಿಎಂ6ಎ ತೆಗೆಯುವ ಕಿಣ್ವ. 27ನೇ ಲೈಸಿನ್ ಮೇಲಿನ ಮೀಥೈಲನ್ನು ಕಿತ್ತು ಹಾಕುತ್ತದೆ. ಹೆಸರು ಕೇಳಿದರೆ ಇವೆರಡೂ ಎದುರಾಳಿಗಳು ಅನ್ನಿಸುತ್ತದೆ, ಅಲ್ವಾ? ಒಂದು ಹಾಕೋದು, ಇನ್ನೊಂದು ತೆಗೆಯೋದು. ಆದರೆ ಇವು ಒಂದೇ ತಂಡದಲ್ಲಿವೆ, ಒಂದೇ ಪ್ರೋಟೀನ್ ಗುಂಪಿನ ಒಳಗೇ ಕೂತಿರುತ್ತವೆ. ನಿಂತ ಗಾಡಿ ಹೊರಡಬೇಕಾದರೆ ಗೇರ್ ಹಾಕಬೇಕು, ಹ್ಯಾಂಡ್‌ಬ್ರೇಕ್ ಬಿಡಬೇಕು. ಇಲ್ಲೂ ಹಾಗೆಯೇ, ಎರಡರ ಉದ್ದೇಶವೂ ಜೀನನ್ನು ಚಾಲೂ ಮಾಡುವುದು.

ಬೀಗದ ಗುರುತು ಹೋದ ಮೇಲೆ ಪಿ300 ಎಂಬ ಇನ್ನೊಂದು ಕಿಣ್ವ ಬಂದು ಅದೇ 27ನೇ ಲೈಸಿನ್ ಮೇಲೆ ಅಸಿಟೈಲ್ ಎಂಬ ಬೇರೊಂದು ಗುರುತು ಕೂರಿಸಬಹುದು. ಆಗ ಎನ್‌ಹ್ಯಾನ್ಸರ್ ನಿಜವಾಗಿ ಕೆಲಸಕ್ಕೆ ಇಳಿಯುತ್ತದೆ. ಒಂದು ಲೈಸಿನ್ ಮೇಲೆ ಮೀಥೈಲ್ ಮತ್ತು ಅಸಿಟೈಲ್ ಎರಡೂ ಒಟ್ಟಿಗೆ ಕೂರಲಾರವು. ಹಾಗಾಗಿ ತೆಗೆಯುವ ಕಿಣ್ವ ತನ್ನ ಕೆಲಸ ಮಾಡದಿದ್ದರೆ ಮುಂದಿನವರಿಗೆ ಜಾಗವೇ ಇರುವುದಿಲ್ಲ.

ಪ್ರತಿ ಮನುಷ್ಯನಿಗೂ ಕೆಎಂಟಿ2ಡಿಯ ಎರಡು ಪ್ರತಿಗಳಿವೆ. ಕಬುಕಿ ಇರುವ ಹೆಚ್ಚಿನ ಮಕ್ಕಳಲ್ಲಿ ಒಂದು ಪ್ರತಿ ಕೆಟ್ಟಿರುತ್ತದೆ, ಇನ್ನೊಂದು ಚೆನ್ನಾಗಿಯೇ ಇರುತ್ತದೆ. ಅರ್ಧ ಕಿಣ್ವ ಇದೆ, ಆದರೆ ಸಾಕಾಗುವುದಿಲ್ಲ. ಗರ್ಭದಲ್ಲಿ ಹೃದಯ, ಮುಖ, ಮೆದುಳು ರೂಪುಗೊಳ್ಳುವ ಹೊತ್ತಿನಲ್ಲಿ ಸಾವಿರಾರು ಎನ್‌ಹ್ಯಾನ್ಸರ್‌ಗಳು ಸರಿಯಾದ ವೇಳೆಗೆ ತೆರೆಯಬೇಕು. ಅಲ್ಲಿ ಸ್ವಲ್ಪ ಕೊರತೆಯಾದರೂ ಒಂದೇ ಅಂಗಕ್ಕಲ್ಲ, ಹಲವು ಅಂಗಗಳಿಗೆ ಪೆಟ್ಟು. ಈ ಮಗುವಿನ ತೊಂದರೆಗಳು ಮೈಯೆಲ್ಲ ಚೆಲ್ಲಿಕೊಂಡಿದ್ದಕ್ಕೆ ಕಾರಣ ಇದು.

ಬಂದ ರಿಪೋರ್ಟು, ಎದ್ದ ಪ್ರಶ್ನೆ

ಮೊದಲು ಕ್ರೋಮೋಸೋಮ್ ಮೈಕ್ರೋಅರೇ ಮಾಡಿಸಿದೆವು, ಅಂದರೆ ಡಿಎನ್‌ಎಯ ದೊಡ್ಡ ತುಂಡುಗಳು ಕಳೆದಿವೆಯೇ, ಹೆಚ್ಚಾಗಿವೆಯೇ ಎಂದು ನೋಡುವ ಪರೀಕ್ಷೆ. ನಾರ್ಮಲ್. ಆಮೇಲೆ ಎಕ್ಸೋಮ್, ಅಂದರೆ ಜೀನ್‌ಗಳಲ್ಲಿ ಪ್ರೋಟೀನ್ ಬರೆಯುವ ಭಾಗಗಳನ್ನೆಲ್ಲ ಓದುವ ಪರೀಕ್ಷೆ. ಅದರಲ್ಲಿ ಕೆಎಂಟಿ2ಡಿಯಲ್ಲಿ ಒಂದು ಬದಲಾವಣೆ ಸಿಕ್ಕಿತು. ಡಿಎನ್‌ಎಯ ಒಂದು ಅಕ್ಷರ ಬದಲಾಗಿ, ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲದ ಜಾಗದಲ್ಲಿ ಇನ್ನೊಂದು ಬಂದಿತ್ತು. ಲ್ಯಾಬ್ ಇದನ್ನು "ಮಹತ್ವ ಖಚಿತವಿಲ್ಲದ ಬದಲಾವಣೆ" ಎಂದು ಬರೆಯಿತು. ಕ್ಲಿನಿಕ್ ಮಾತಿನಲ್ಲಿ ವಿಯುಎಸ್.

ಮುಖ ನೋಡಿದರೆ ಕಬುಕಿ. ಕಬುಕಿಯ ಜೀನಿನಲ್ಲೇ ಬದಲಾವಣೆ. ಇನ್ನೇನು ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮ ತಂಡದಲ್ಲಿ ಅರ್ಧದಷ್ಟು ಜನ ಹಾಗೇ ಹೇಳಿದರು. ಮಿಕ್ಕವರಿಗೆ ಎರಡು ಅನುಮಾನ. ಒಂದು, ಕೆಎಂಟಿ2ಡಿ ಭಾರೀ ದೊಡ್ಡ ಪ್ರೋಟೀನು, 5537 ಅಮೈನೋ ಆಮ್ಲಗಳದ್ದು. ಇಷ್ಟುದ್ದದ ಪ್ರೋಟೀನಿನಲ್ಲಿ ಅಪರೂಪದ ಒಂದಕ್ಷರದ ಬದಲಾವಣೆ ಆರೋಗ್ಯವಂತರಲ್ಲೂ ಸಿಗುತ್ತದೆ. ಎರಡು, ಈ ಬದಲಾವಣೆ ಇದ್ದದ್ದು ಪ್ರೋಟೀನಿನ ನಡುಭಾಗದಲ್ಲಿ. ಮೀಥೈಲ್ ಕೂರಿಸುವ ನಿಜವಾದ ಯಂತ್ರಭಾಗ, ಸೆಟ್ ಡೊಮೇನ್, ಇರುವುದು ತುದಿಯಲ್ಲಿ. ನಡುವೆ ಆದ ಬದಲಾವಣೆ ಹಾನಿ ಮಾಡಲಾರದು ಎಂದಲ್ಲ. ಆದರೆ ಅದನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇರಲಿಲ್ಲ.

ಈ ಚರ್ಚೆ ಬರೀ ಕಾಗದದ ಮೇಲಿನದ್ದಾಗಿರಲಿಲ್ಲ. ದಂಪತಿಗೆ ಎರಡನೇ ಮಗು ಬೇಕಿತ್ತು. ಅವರು ಕ್ಲಿನಿಕ್‌ಗೆ ಬಂದ ಮುಖ್ಯ ಕಾರಣವೂ ಅದೇ. "ಮೇಡಂ, ಮುಂದಿನ ಮಗುವಿಗೂ ಹೀಗಾಗುತ್ತಾ?" ಎಂದು ತಂದೆ ಕೇಳಿದರು. ಆ ಪ್ರಶ್ನೆಗೆ ವಿಯುಎಸ್ ಹಿಡಿದುಕೊಂಡು ಉತ್ತರ ಕೊಡಲು ಬರುವುದಿಲ್ಲ.

ಮೊದಲ ತೀರ್ಮಾನ: ತಂದೆ ತಾಯಿಯ ರಕ್ತ

ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆವು. ಬದಲಾವಣೆ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದರೆ ಅನುಮಾನ ಬಲವಾಗುತ್ತಿತ್ತು. ಕಬುಕಿಯಲ್ಲಿ ಸಾಮಾನ್ಯವಾಗಿ ಆಗುವುದು ಹಾಗೇ. ಆದರೆ ಅದು ತಾಯಿಯಲ್ಲಿ ಸಿಕ್ಕಿತು.

ತಾಯಿ ಆರೋಗ್ಯವಂತೆ. ಓದಿದವರು, ಕೆಲಸದಲ್ಲಿದ್ದವರು. ಹಾಗಾದರೆ ಆ ಬದಲಾವಣೆಯಿಂದ ಏನೂ ಆಗುವುದಿಲ್ಲ ಎಂದು ಕೈ ತೊಳೆದುಕೊಳ್ಳಬಹುದಿತ್ತಲ್ಲ? ಅಷ್ಟು ಸುಲಭ ಇರಲಿಲ್ಲ. ಕಬುಕಿ ಕೆಲವರಲ್ಲಿ ತುಂಬಾ ಸೌಮ್ಯವಾಗಿ ಇರುತ್ತದೆ. ಮಗುವಿಗೆ ರೋಗ ಗೊತ್ತಾದ ಮೇಲೆಯೇ ತಂದೆಗೋ ತಾಯಿಗೋ ಅದೇ ಇರುವುದು ತಿಳಿದ ಕುಟುಂಬಗಳೂ ಇವೆ. ತಂಡದ ಒಬ್ಬರು ತಾಯಿಯ ಹಳೆಯ ಫೋಟೋ ತರಿಸಿ ನೋಡಿ, ಹುಬ್ಬು ಸ್ವಲ್ಪ ಕಮಾನಾಗಿದೆ ಎಂದರು. ಇನ್ನೊಬ್ಬರು ನಕ್ಕು, ಹಾಗೆ ಹುಡುಕಿದರೆ ಈ ಕೋಣೆಯಲ್ಲೇ ಮೂವರಿಗೆ ಕಬುಕಿ ಸಿಗುತ್ತದೆ ಎಂದರು.

ಎರಡನೆಯವರ ಮಾತೇ ಸರಿ ಅಂತ ನನ್ನ ಅಭಿಪ್ರಾಯ. ಉತ್ತರ ಮೊದಲೇ ಮನಸ್ಸಿನಲ್ಲಿದ್ದಾಗ ಮುಖ ಅದಕ್ಕೆ ತಕ್ಕ ಹಾಗೇ ಕಾಣಿಸುತ್ತದೆ.

ಇಷ್ಟರಲ್ಲಿ ಮನೆಯೊಳಗೆ ಮಾತು ಬೆಳೆದಿತ್ತು. "ನಿನ್ನಿಂದಲೇ ಬಂದಿದ್ದು" ಎಂದು ಹತ್ತಿರದವರು ತಾಯಿಗೆ ಹೇಳಿಯೇಬಿಟ್ಟಿದ್ದರು. ಆಕೆ ಕ್ಲಿನಿಕ್‌ಗೆ ಒಬ್ಬರೇ ಬಂದು ಆ ವಿಷಯ ಹೇಳಿದರು. ನಾನು ಅವರಿಗೆ ಹೇಳಿದ್ದು ಇಷ್ಟೇ: "ಅಮ್ಮಾ, ಬದಲಾವಣೆ ನಿಮ್ಮಲ್ಲಿ ಇದೆ ಅನ್ನೋದು ಗೊತ್ತಾಗಿದೆ. ಅದರಿಂದಲೇ ಹೀಗಾಯಿತು ಅನ್ನೋದು ಗೊತ್ತಾಗಿಲ್ಲ." ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಆ ದಿನದ ವಾಸ್ತವ ಅದೇ ಆಗಿತ್ತು.

ಲೆಕ್ಕ ಹೀಗಿತ್ತು. ತಾಯಿಯ ಬದಲಾವಣೆಯೇ ಕಾರಣವಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ದಾಟುವ ಸಾಧ್ಯತೆ ಶೇಕಡ 50. ಬಸಿರಿನಲ್ಲೇ ಪರೀಕ್ಷೆ ಮಾಡಿಸಿ, ಆ ಬದಲಾವಣೆ ಕಂಡರೆ ಅವರು ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತಿತ್ತು. ಅದು ಕಾರಣವೇ ಅಲ್ಲದಿದ್ದರೆ, ಆರೋಗ್ಯವಾದ ಮಗುವಿನ ಬಗ್ಗೆ ಸುಳ್ಳು ಭಯದ ಮೇಲೆ ಆ ತೀರ್ಮಾನ ನಡೆದುಹೋಗುತ್ತಿತ್ತು.

ತಿರುವು: ತಾಯಿಗೂ ಅದೇ ಪರೀಕ್ಷೆ

ಆಗ ಡಿಎನ್‌ಎ ಮೀಥೈಲ್ ವಿನ್ಯಾಸದ ಪರೀಕ್ಷೆಯ ಮಾತು ಬಂತು. ರಕ್ತದ ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳಲ್ಲಿ ಮೀಥೈಲ್ ಎಷ್ಟಿದೆ ಎಂದು ಅಳೆಯುತ್ತಾರೆ. ಕಬುಕಿಯಂಥ ಕೆಲವು ಸಿಂಡ್ರೋಮ್‌ಗಳಲ್ಲಿ ಇದಕ್ಕೊಂದು ನಿಶ್ಚಿತ ವಿನ್ಯಾಸ ಸಿಗುತ್ತದೆ. ಎಪಿಸಿಗ್ನೇಚರ್ ಎನ್ನುತ್ತಾರೆ.

ಇಲ್ಲೊಂದು ಪ್ರಶ್ನೆ ಸಹಜ. ಕೆಟ್ಟಿರುವುದು ಹಿಸ್ಟೋನ್ ಮೇಲೆ ಗುರುತು ಹಾಕುವ ಕಿಣ್ವ. ಗುರುತು ಬದಲಾಗುವುದು ಡಿಎನ್‌ಎ ಮೇಲೆ ಯಾಕೆ? ಡಿಎನ್‌ಎಗೆ ಮೀಥೈಲ್ ಹಾಕುವ ಕಿಣ್ವಗಳೇ ಬೇರೆ, ಡಿಎನ್‌ಎಂಟಿ3 ಕುಟುಂಬದವು. ಆದರೆ ಅವು ಹಿಸ್ಟೋನ್ ಬಾಲವನ್ನು ತಡವಿ ನೋಡಿಯೇ ಮುಂದುವರಿಯುತ್ತವೆ. ಎಚ್3ರ 4ನೇ ಲೈಸಿನ್ ಖಾಲಿ ಇದ್ದರೆ ಅಲ್ಲಿ ಕೂತು ಕೆಲಸ ಶುರು ಮಾಡುತ್ತವೆ. ಅಲ್ಲಿ ಆಗಲೇ ಮೀಥೈಲ್ ಇದ್ದರೆ ಅವಕ್ಕೆ ಹಿಡಿತ ಸಿಗುವುದಿಲ್ಲ. ಆದ್ದರಿಂದ ಹಿಸ್ಟೋನ್ ಕಿಣ್ವದ ಕೆಲಸ ಏರುಪೇರಾದರೆ ಅದರ ನೆರಳು ಡಿಎನ್‌ಎ ಮೇಲೂ ಬೀಳುತ್ತದೆ. ಒಂದು ಕಿಣ್ವದ ಬರಹವನ್ನು ಇನ್ನೊಂದು ಕಿಣ್ವ ಓದುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಮಗುವಿನ ರಕ್ತ ಕಳಿಸುವುದೆಂದು ನಿರ್ಧಾರವಾಯಿತು. ಆಗ ಹಿರಿಯ ವೈದ್ಯರು, ತಾಯಿಯದ್ದನ್ನೂ ಕಳಿಸಿ ಎಂದರು. ಖರ್ಚು ಎರಡರಷ್ಟು ಎಂದು ಆಕ್ಷೇಪ ಬಂತು. ಅವರ ವಾದ ಸರಳವಾಗಿತ್ತು. ಮಗುವಿನಲ್ಲಿ ವಿನ್ಯಾಸ ಕಂಡರೆ ಕಬುಕಿ ಇದೆ ಎಂದಾಗುತ್ತದೆ, ಅದು ಮುಖ ನೋಡಿಯೇ ನಮಗೆ ಬಹುತೇಕ ಗೊತ್ತಿದೆ. ಈ ಬದಲಾವಣೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಅದೇ ಬದಲಾವಣೆ ಇರುವ, ಬೇರೆ ಯಾವ ತೊಂದರೆಯೂ ಇಲ್ಲದ ಇನ್ನೊಬ್ಬರನ್ನು ನೋಡಬೇಕು. ಅಂಥವರು ಇದೇ ಕೋಣೆಯಲ್ಲಿ ಕೂತಿದ್ದಾರೆ.

ಮುಂದಿನದ್ದೆಲ್ಲ ಈ ಒಂದು ತೀರ್ಮಾನದಿಂದ ಬಂದಿದ್ದು.

ಮಗುವಿನ ಫಲಿತಾಂಶ: ಕಬುಕಿಯ ವಿನ್ಯಾಸ ಸ್ಪಷ್ಟವಾಗಿದೆ. ತಾಯಿಯದ್ದು: ಪೂರ್ತಿ ಸಾಮಾನ್ಯ.

ಮಗುವಿನ ರಿಪೋರ್ಟ್ ಮೊದಲು ಬಂದಿತ್ತು. ಕೆಎಂಟಿ2ಡಿ ಬದಲಾವಣೆ ಹಾನಿಕರ ಎನ್ನುವುದಕ್ಕೆ ಇದು ಬೆಂಬಲ ಎಂಬ ಅರ್ಥದ ಸಾಲು ಅದರಲ್ಲಿತ್ತು. ತಾಯಿಯದ್ದನ್ನು ಕಳಿಸದೇ ಇದ್ದಿದ್ದರೆ ಫೈಲ್ ಅಲ್ಲಿಗೇ ಮುಚ್ಚುತ್ತಿತ್ತು. ಎಲ್ಲ ಹೊಂದಿಕೊಂಡಿತ್ತಲ್ಲ, ಮುಖ, ಜೀನ್, ವಿನ್ಯಾಸ. ತಾಯಿಯ ಫಲಿತಾಂಶ ಬಂದ ಮೇಲೆ ಆ ಸಾಲಿಗೆ ಅರ್ಥವೇ ಉಳಿಯಲಿಲ್ಲ. ಅದೇ ಬದಲಾವಣೆ ಹೊತ್ತ ಕಿಣ್ವ ತಾಯಿಯ ಕೋಶಗಳಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆ. ಮಗುವಿನ ಕೋಶಗಳಲ್ಲಿ ಏನೋ ಕೆಟ್ಟಿದೆ, ಆದರೆ ಅದು ಇದಲ್ಲ.

ಒಬ್ಬರು ಮೊಸಾಯಿಕ್ ಸಾಧ್ಯತೆ ಎತ್ತಿದರು. ತಾಯಿಯ ಕೆಲವೇ ಕೋಶಗಳಲ್ಲಿ ಬದಲಾವಣೆ ಇದ್ದು, ರಕ್ತದಲ್ಲಿ ವಿನ್ಯಾಸ ಕಾಣಿಸದೇ ಹೋಗಿದ್ದರೆ? ಒಳ್ಳೆಯ ಪ್ರಶ್ನೆಯೇ. ಎಕ್ಸೋಮ್ ದತ್ತಾಂಶ ತೆಗೆದು ನೋಡಿದಾಗ ತಾಯಿಯ ರಕ್ತದಲ್ಲಿ ಮೂಲ ಅಕ್ಷರ, ಬದಲಾದ ಅಕ್ಷರ ಎರಡೂ ಸರಿಸುಮಾರು ಅರ್ಧರ್ಧ ಇದ್ದವು. ಅಂದರೆ ಹುಟ್ಟಿನಿಂದಲೇ ಎಲ್ಲ ಕೋಶಗಳಲ್ಲೂ ಇದೆ. ಆ ದಾರಿಯೂ ಮುಚ್ಚಿತು.

ಹಾಗಾದರೆ ಯಾವುದು?

ಉತ್ತರ ಅದೇ ಪರೀಕ್ಷೆಯ ಒಳಗೇ ಇತ್ತು. ಕಬುಕಿಯ ಮೀಥೈಲ್ ವಿನ್ಯಾಸ ಕೆಎಂಟಿ2ಡಿಗೆ ಮಾತ್ರ ಮೀಸಲಲ್ಲ. ಕೆಡಿಎಂ6ಎ ಕೆಟ್ಟರೂ ಅದೇ ವಿನ್ಯಾಸದ ಗುಂಪಿಗೆ ಬೀಳುತ್ತದೆ. ಹಾಕುವ ಕಿಣ್ವ ಸೋತರೂ ತೆಗೆಯುವ ಕಿಣ್ವ ಸೋತರೂ ಕೊನೆಗೆ ಉಳಿಯುವ ಚಿತ್ರ ಹೆಚ್ಚುಕಡಿಮೆ ಒಂದೇ. ಎರಡೂ ಒಂದೇ ಗುಂಪಿನಲ್ಲಿದ್ದು ಒಂದೇ ಎನ್‌ಹ್ಯಾನ್ಸರ್‌ಗಳನ್ನು ತೆರೆಯುತ್ತವೆ ಅಂದ ಮೇಲೆ ಇದು ಆಶ್ಚರ್ಯವೂ ಅಲ್ಲ.

ಜೊತೆಗೆ ಇನ್ನೊಂದು ಸಂಗತಿ. ಕೆಡಿಎಂ6ಎ ಬರೀ ಮೀಥೈಲ್ ಕೀಳುವುದಕ್ಕಷ್ಟೇ ಇರುವುದಲ್ಲ. ಎಕ್ಸ್ ಕ್ರೋಮೋಸೋಮ್ ಮೇಲಿನ ಈ ಜೀನಿಗೆ ವೈ ಕ್ರೋಮೋಸೋಮ್ ಮೇಲೆ ಯುಟಿವೈ ಎಂಬ ಜೊತೆಗಾರ ಇದೆ. ಯುಟಿವೈಗೆ ಮೀಥೈಲ್ ಕೀಳುವ ಶಕ್ತಿ ತೀರಾ ಕಡಿಮೆ. ಆದರೂ ಇಲಿಗಳಲ್ಲಿ ಕೆಡಿಎಂ6ಎ ಇಲ್ಲದ ಹೆಣ್ಣು ಭ್ರೂಣಗಳು ಸಾಯುತ್ತವೆ, ಗಂಡು ಭ್ರೂಣಗಳಲ್ಲಿ ಕೆಲವು ಯುಟಿವೈ ಬಲದಿಂದ ಬದುಕಿಕೊಳ್ಳುತ್ತವೆ. ಅಂದರೆ ಕಿಣ್ವವಾಗಿ ಮಾಡುವ ಕೆಲಸದ ಜೊತೆಗೆ ಈ ಪ್ರೋಟೀನು ಉಳಿದವನ್ನು ಸರಿಯಾದ ಜಾಗದಲ್ಲಿ ಒಟ್ಟುಗೂಡಿಸುವ ಕೆಲಸವನ್ನೂ ಮಾಡುತ್ತದೆ. ಕಿಣ್ವ ಅಂದ ಕೂಡಲೇ ಅದರ ರಾಸಾಯನಿಕ ಕ್ರಿಯೆ ಒಂದನ್ನೇ ನೋಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಇಲ್ಲಿ ಅಷ್ಟು ಸಾಲದು.

ಆದರೆ ಎಕ್ಸೋಮ್ ರಿಪೋರ್ಟಿನಲ್ಲಿ ಕೆಡಿಎಂ6ಎ ಬಗ್ಗೆ ಏನೂ ಇರಲಿಲ್ಲ. ಯಾಕಿರಲಿಲ್ಲ? ಆ ಲ್ಯಾಬ್ ಒಂದೊಂದೇ ಅಕ್ಷರದ ಮತ್ತು ಸಣ್ಣ ತುಣುಕುಗಳ ಬದಲಾವಣೆಯನ್ನು ಮಾತ್ರ ಹುಡುಕಿತ್ತು. ಜೀನಿನ ಕೆಲವು ಎಕ್ಸಾನ್‌ಗಳೇ, ಅಂದರೆ ಪ್ರೋಟೀನ್ ಬರೆಯುವ ತುಣುಕುಗಳೇ, ಅಳಿಸಿಹೋಗಿದ್ದರೆ ಆ ವಿಧಾನಕ್ಕೆ ಕಾಣುವುದಿಲ್ಲ. ಉಳಿದ ಪ್ರತಿ ಸರಿಯಾಗಿರುತ್ತದೆ, ಓದಿದಾಗ ಅಕ್ಷರಗಳೆಲ್ಲ ಸರಿಯಾಗಿಯೇ ಸಿಗುತ್ತವೆ. ಓದಿನ ಸಂಖ್ಯೆ, ಅಂದರೆ ಆ ಜಾಗವನ್ನು ಯಂತ್ರ ಎಷ್ಟು ಸಲ ಓದಿತು ಎನ್ನುವುದು, ಅರ್ಧವಾಗಿರುತ್ತದೆ, ಅಷ್ಟೇ. ಗಂಡು ಮಗುವಾಗಿದ್ದರೆ ಎಕ್ಸ್ ಒಂದೇ ಇರುವುದರಿಂದ ಆ ಜಾಗದಲ್ಲಿ ಓದೇ ಇರುತ್ತಿರಲಿಲ್ಲ, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಹೆಣ್ಣು ಮಗುವಿನಲ್ಲಿ ಎರಡನೇ ಎಕ್ಸ್ ಆ ಖಾಲಿಯನ್ನು ಮರೆಮಾಡಿಬಿಡುತ್ತದೆ. ಮೈಕ್ರೋಅರೇಗೂ ಕೆಲವು ಎಕ್ಸಾನ್‌ಗಳಷ್ಟು ಸಣ್ಣ ನಷ್ಟ ಎಷ್ಟೋ ಸಲ ಕಾಣುವುದಿಲ್ಲ. ಕೆಡಿಎಂ6ಎಗೂ ಕಬುಕಿಗೂ ಇರುವ ನಂಟು 2012ರಲ್ಲಿ ಮೊದಲು ಗೊತ್ತಾದದ್ದೇ ಇಂಥ ಅಳಿಕೆಗಳಿಂದ. ಅದು ನೆನಪಿದ್ದವರಿಗೆ ಮುಂದಿನ ಹೆಜ್ಜೆ ತಾನಾಗಿ ಹೊಳೆಯಿತು.

ಇದೇ ಹೊತ್ತಿಗೆ ತಂಡದ ಕಿರಿಯ ವೈದ್ಯೆಯೊಬ್ಬರು ಮಗು ಹುಟ್ಟಿದ ಆಸ್ಪತ್ರೆಯ ಹಳೇ ಫೈಲ್ ತರಿಸಿ ಓದುತ್ತಿದ್ದರು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ರಕ್ತದ ಸಕ್ಕರೆ ಪದೇ ಪದೇ ಬಿದ್ದಿತ್ತು. ಸಕ್ಕರೆ ಕಡಿಮೆ ಇದ್ದಾಗಲೂ ಇನ್ಸುಲಿನ್ ಇಳಿದಿರಲಿಲ್ಲ. ಇನ್ಸುಲಿನ್ ತಗ್ಗಿಸುವ ಡಯಾಜಾಕ್ಸೈಡ್ ಎಂಬ ಔಷಧಿ ಕೊಟ್ಟಿದ್ದರು, ಕೆಲವು ತಿಂಗಳ ಮೇಲೆ ನಿಲ್ಲಿಸಿದ್ದರು. ತೊಂದರೆ ಮುಗಿದಿದ್ದರಿಂದ ಮನೆಯವರು ಅದನ್ನು ನಮಗೆ ಹೇಳಿರಲಿಲ್ಲ. ನವಜಾತ ಶಿಶುಗಳಲ್ಲಿ ಸಕ್ಕರೆ ಬೀಳುವುದು ಅಪರೂಪವೇನಲ್ಲ, ಹಾಗಾಗಿ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಬೀಳುವುದು ಕಬುಕಿ ಮಕ್ಕಳಲ್ಲಿ ಕಾಣಿಸಿಕೊಳ್ಳುವ ತೊಂದರೆ. ಅದರಲ್ಲೂ ಕೆಡಿಎಂ6ಎ ಕೆಟ್ಟವರಲ್ಲಿ ಜಾಸ್ತಿ. ಒಂದು ಹಳೆಯ ಡಿಸ್ಚಾರ್ಜ್ ಹಾಳೆ ನಾಲ್ಕು ವರ್ಷ ಮೊದಲೇ ದಾರಿ ತೋರಿಸಿತ್ತು.

ಎಕ್ಸೋಮ್ ದತ್ತಾಂಶವನ್ನು ಈ ಸಲ ಓದಿನ ಸಂಖ್ಯೆಯ ಲೆಕ್ಕದಲ್ಲಿ ಮರುವಿಶ್ಲೇಷಣೆ ಮಾಡಿಸಿದೆವು. ಕೆಡಿಎಂ6ಎಯ ಅಕ್ಕಪಕ್ಕದ ಮೂರು ಎಕ್ಸಾನ್‌ಗಳಲ್ಲಿ ಓದು ಅರ್ಧಕ್ಕಿಳಿದಿತ್ತು. ಎಕ್ಸಾನ್‌ಗಳ ಪ್ರತಿ ಎಣಿಸುವ ಎಂಎಲ್‌ಪಿಎ ಪರೀಕ್ಷೆಯಲ್ಲಿ ಅದು ಖಚಿತವಾಯಿತು. ತಂದೆ ತಾಯಿ ಇಬ್ಬರಲ್ಲೂ ಈ ನಷ್ಟ ಇರಲಿಲ್ಲ. ಮಗುವಿನಲ್ಲೇ ಹೊಸದಾಗಿ ಆದದ್ದು.

ಇಲ್ಲಿ ಒಂದು ಅನುಮಾನ ಬರಬಹುದು. ಹೆಣ್ಣುಮಕ್ಕಳ ಕೋಶದಲ್ಲಿ ಎರಡು ಎಕ್ಸ್‌ಗಳಲ್ಲಿ ಒಂದು ಹೇಗೂ ಮುಚ್ಚಿಯೇ ಇರುತ್ತದೆ, ಒಂದು ಪ್ರತಿ ಹೋದರೆ ಏನಾಯಿತು? ಎಕ್ಸ್ ಮುಚ್ಚಿದರೂ ಅದರ ಮೇಲಿನ ಕೆಲವು ಜೀನ್‌ಗಳು ತಪ್ಪಿಸಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ. ಕೆಡಿಎಂ6ಎ ಅಂಥದ್ದು. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಎರಡೂ ಪ್ರತಿಗಳಿಂದ ಕಿಣ್ವ ಬರುತ್ತಿರುತ್ತದೆ. ಒಂದು ಹೋದರೆ ಕೊರತೆ ನಿಜವಾದದ್ದೇ.

ಆಮೇಲೆ ಏನೇನು ಬದಲಾಯಿತು

ಸಿಂಡ್ರೋಮಿನ ಹೆಸರು ಮೊದಲ ದಿನ ಬರೆದದ್ದೇ ಉಳಿಯಿತು. ಪ್ರಶ್ನಾರ್ಥಕ ಚಿಹ್ನೆ ಹೋಯಿತು. ಹೆಸರು ಅದೇ ಆದರೂ ಮನೆಯವರ ಪಾಲಿಗೆ ಲೆಕ್ಕವೆಲ್ಲ ಬದಲಾಗಿತ್ತು.

ಮುಂದಿನ ಮಗುವಿಗೆ ಬರುವ ಸಾಧ್ಯತೆ ಶೇಕಡ 50ರಿಂದ ಶೇಕಡ 1ಕ್ಕಿಂತ ಕೆಳಗಿಳಿಯಿತು. ಸೊನ್ನೆ ಎಂದು ಹೇಳಲಿಲ್ಲ. ತಂದೆ ಅಥವಾ ತಾಯಿಯ ಅಂಡಾಣು, ವೀರ್ಯಾಣುಗಳಲ್ಲಿ ಮಾತ್ರ ಅಳಿಕೆ ಅಡಗಿರುವ ಸಣ್ಣ ಸಾಧ್ಯತೆ ಯಾವಾಗಲೂ ಉಳಿಯುತ್ತದೆ. ಬೇಕೆಂದರೆ ಬಸಿರಿನಲ್ಲಿ ಆ ಮೂರು ಎಕ್ಸಾನ್‌ಗಳನ್ನೇ ಗುರಿಯಾಗಿಟ್ಟು ಪರೀಕ್ಷೆ ಮಾಡಬಹುದು ಎಂದು ತಿಳಿಸಿದೆವು. ಈ ಹುಡುಗಿ ದೊಡ್ಡವಳಾಗಿ ಮಕ್ಕಳನ್ನು ಬಯಸಿದರೆ ಅವಳ ಲೆಕ್ಕ ಬೇರೆ, ಅಲ್ಲಿ ಶೇಕಡ 50. ಅದನ್ನೂ ಫೈಲಿನಲ್ಲಿ ಬರೆದಿಟ್ಟೆವು.

ಮಾತುಕತೆಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆವು. ತಾಯಿಯ ಬದಲಾವಣೆಗೂ ಮಗುವಿನ ಸ್ಥಿತಿಗೂ ಸಂಬಂಧ ಇಲ್ಲ ಎಂದು ತಂದೆಯ ಎದುರಿಗೇ ಸ್ಪಷ್ಟವಾಗಿ ಹೇಳಿದೆವು. ಬರಹದಲ್ಲೂ ಕೊಟ್ಟೆವು. ಮನೆಯಲ್ಲಿ ತೋರಿಸಲು ಆಕೆಗೆ ಆ ಕಾಗದ ಬೇಕಿತ್ತು.

ಮಗುವಿನ ಆರೈಕೆಯಲ್ಲಿ ಕೆಲವು ಸೇರ್ಪಡೆಗಳಾದವು. ಶ್ರವಣ ಪರೀಕ್ಷೆ, ಮೂತ್ರಪಿಂಡದ ಸ್ಕ್ಯಾನ್, ರೋಗನಿರೋಧಕ ಪ್ರೋಟೀನ್‌ಗಳ ಮಟ್ಟ. ಕಬುಕಿಯಲ್ಲಿ ಈ ಮಟ್ಟ ಕಡಿಮೆ ಇರುವುದುಂಟು, ಪದೇ ಪದೇ ಬರುವ ಕಿವಿ ಸೋಂಕಿಗೆ ಅದೂ ಕಾರಣವಾಗಬಹುದು. ಕಾಯಿಲೆ ಬಿದ್ದು ಊಟ ಬಿಟ್ಟ ದಿನಗಳಲ್ಲಿ ಸಕ್ಕರೆ ನೋಡಬೇಕು ಎಂಬ ಸೂಚನೆಯನ್ನು ಹಳೆಯ ಫೈಲ್ ಆಧಾರದ ಮೇಲೆ ಸೇರಿಸಿದೆವು. ಸ್ಪೀಚ್ ಥೆರಪಿ ಮೊದಲಿನಂತೆಯೇ ನಡೆಯಿತು. ಅದಕ್ಕೆ ಜೀನಿನ ಹೆಸರು ಬೇಕಿರಲಿಲ್ಲ.

ತಂದೆ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದರು. "ಸರ್, ಇಲಿಗಳಲ್ಲಿ ಇದಕ್ಕೆ ಔಷಧಿ ಕೆಲಸ ಮಾಡಿದೆ ಅಂತ ಓದಿದೆ. ಕೊಬ್ಬು ಹೆಚ್ಚಿರೋ ಡಯಟ್ಟೂ ಒಳ್ಳೇದಂತೆ. ನಾವು ಶುರು ಮಾಡಬಹುದಾ?" ಅವರು ಓದಿದ್ದು ತಪ್ಪಲ್ಲ. ಹಿಸ್ಟೋನ್ ಮೇಲಿನ ಅಸಿಟೈಲ್ ಗುರುತನ್ನು ಕಿತ್ತು ಜೀನನ್ನು ಮುಚ್ಚುವ ಎಚ್‌ಡಿಎಸಿ ಎಂಬ ಕಿಣ್ವಗಳಿವೆ. ತೆರೆಯುವ ಕಿಣ್ವ ಕಡಿಮೆ ಇದ್ದರೆ ಮುಚ್ಚುವ ಕಿಣ್ವವನ್ನೂ ತಡೆದು ಸಮತೋಲ ತರಬಹುದಲ್ಲ ಎನ್ನುವುದು ಯೋಚನೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಚ್‌ಡಿಎಸಿ ತಡೆಯುವ ಔಷಧಿ ಕೊಟ್ಟಾಗ ಕಬುಕಿ ಮಾದರಿ ಇಲಿಗಳ ನೆನಪಿನ ಶಕ್ತಿ ಸುಧಾರಿಸಿತ್ತು. ಕೊಬ್ಬು ಹೆಚ್ಚಿರುವ ಕೀಟೋ ಆಹಾರದಿಂದಲೂ ಇಲಿಗಳಲ್ಲಿ ಅಂಥದ್ದೇ ಫಲ ಆಮೇಲೆ ಕಂಡಿತು. ಆ ಆಹಾರದಲ್ಲಿ ದೇಹ ತಯಾರಿಸುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ವಸ್ತುವೂ ಎಚ್‌ಡಿಎಸಿಗಳನ್ನು ತಡೆಯುತ್ತದೆ.

ಹಿರಿಯ ವೈದ್ಯರು ಬೇಡ ಎಂದರು, ಕಾರಣಗಳನ್ನೂ ಬಿಡಿಸಿ ಹೇಳಿದರು. ಆ ಇಲಿಗಳಲ್ಲಿ ಕೆಟ್ಟಿದ್ದು ಕೆಎಂಟಿ2ಡಿ, ಇವಳಲ್ಲಿ ಕೆಟ್ಟಿರುವುದು ಕೆಡಿಎಂ6ಎ. ಎಚ್‌ಡಿಎಸಿಗಳು ಒಂದೆರಡು ಜೀನ್‌ಗಳ ಕಾವಲುಗಾರರಲ್ಲ, ಮೈಯ ಎಲ್ಲ ಕೋಶಗಳಲ್ಲೂ ಅಸಂಖ್ಯ ಕಡೆ ಕೆಲಸ ಮಾಡುತ್ತವೆ. ಬೆಳೆಯುವ ಮಗುವಿನಲ್ಲಿ ಅವನ್ನು ತಡೆದರೆ ಬೇಕಾದ್ದರ ಜೊತೆ ಬೇಡದ್ದೂ ತೆರೆದುಕೊಳ್ಳಬಹುದು. ಡಯಟ್ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳಿದರು. ಹಿಂದೆ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಬಿದ್ದಿದ್ದ ಮಗುವಿಗೆ ಮನೆಯಲ್ಲೇ ತಾವಾಗಿ ಊಟ ಬದಲಿಸುವುದು ಅಪಾಯ. ತಂದೆ ಒಪ್ಪಿಕೊಂಡರು, ಪೂರ್ತಿ ಮನಸ್ಸಿನಿಂದ ಅಲ್ಲ. ಮುಂದೆ ಮನುಷ್ಯರ ಮೇಲೆ ಸರಿಯಾದ ಪ್ರಯೋಗ ನಡೆದರೆ ತಿಳಿಸಿ ಎಂದು ಫೋನ್ ನಂಬರ್ ಬರೆಸಿ ಹೋದರು.

ಈ ಪ್ರಕರಣದಿಂದ ನಮ್ಮ ಕ್ಲಿನಿಕ್‌ನಲ್ಲಿ ಉಳಿದದ್ದು

ಮೀಥೈಲ್ ವಿನ್ಯಾಸದ ಪರೀಕ್ಷೆ ಕೋಶದ ಸ್ಥಿತಿಯನ್ನು ಹೇಳುತ್ತದೆ. ಆ ಸ್ಥಿತಿಗೆ ಯಾವ ಕಿಣ್ವ ಕಾರಣ ಎಂದು ಹೇಳುವುದಿಲ್ಲ. ಎಕ್ಸೋಮ್ ಇದಕ್ಕೆ ಉಲ್ಟಾ, ಅಕ್ಷರ ಬದಲಾಗಿದ್ದನ್ನು ಹೇಳುತ್ತದೆ, ಅದರಿಂದ ಏನಾಯಿತು ಎಂದು ಹೇಳುವುದಿಲ್ಲ. ಎರಡೂ ಒಂದೇ ಹೆಸರಿನ ಕಡೆ ಬೆರಳು ತೋರಿಸಿದಾಗ ಅವು ಒಂದಕ್ಕೊಂದು ಸಾಕ್ಷಿ ಎಂದು ತಿಳಿಯುವುದು ಸುಲಭ. ಇಲ್ಲಿ ಅವೆರಡೂ ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿದ್ದವು. ಈಗ ವಿಯುಎಸ್ ತಂದೆಯಿಂದಲೋ ತಾಯಿಯಿಂದಲೋ ಬಂದದ್ದಾದರೆ, ಅವರದ್ದೂ ಮೀಥೈಲ್ ಪರೀಕ್ಷೆ ಆಗದೆ ನಾವು ತೀರ್ಮಾನ ಬರೆಯುವುದಿಲ್ಲ. ಹೊಸದಾಗಿ ಕಳಿಸುವ ಎಕ್ಸೋಮ್ ಅರ್ಜಿಗಳಲ್ಲಿ ಎಕ್ಸಾನ್ ಮಟ್ಟದ ಅಳಿಕೆ ಹುಡುಕಿದ್ದೀರಾ ಎಂಬ ಪ್ರಶ್ನೆ ಸೇರಿಸಿದ್ದೇವೆ. ಹುಟ್ಟಿದ ಮೊದಲ ತಿಂಗಳ ಕಾಗದಗಳನ್ನು ಮೊದಲ ಭೇಟಿಯಲ್ಲೇ ಕೇಳುತ್ತೇವೆ.

ಕೆಎಂಟಿ2ಡಿಯ ಆ ಒಂದಕ್ಷರದ ಬದಲಾವಣೆಯನ್ನು ಲ್ಯಾಬ್ "ಬಹುಶಃ ನಿರಪಾಯ" ಎಂದು ಮರುವರ್ಗೀಕರಣ ಮಾಡಿತು. ತಾಯಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ, ಆಕೆಯ ಮೀಥೈಲ್ ಫಲಿತಾಂಶದ ಸಮೇತ ಅದನ್ನು ಎಲ್ಲರೂ ನೋಡಬಹುದಾದ ಕ್ಲಿನ್‌ವಾರ್ ಸಂಗ್ರಹಕ್ಕೆ ಸೇರಿಸಿದರು. ಅದೇ ಬದಲಾವಣೆ ಇನ್ನೊಂದು ಕುಟುಂಬದ ರಿಪೋರ್ಟಿನಲ್ಲಿ ಬಂದರೆ, ಅದನ್ನು ಓದುವ ವೈದ್ಯರಿಗೆ ಈ ಸಾಲು ಸಿಗುತ್ತದೆ.